ಪ್ರಾಚೀನ ಮೋಟಾರು ಗಾಡಿಗಳ ಶೇಷಗಣನೆ : ಫೋರ್ಡ್ ‘ಟಿ’ ಮಾದರಿಯ ವಿಚಾರ

ಒಂದು ವಸ್ತುವು ಎಷ್ಟು ಸಂಖ್ಯೆಯಲ್ಲಿ ನಿರ್ಮಿತವಾಯಿತೆಂಬುದನ್ನು ತಿಳಿಯುವುದು ಒಂದು ಕಾರ್ಯ. ಅವುಗಳಲ್ಲಿ ಎಷ್ಟು ಇಂದಿಗೂ ಉಳಿದಿರುವುವೆಂಬುದನ್ನು ತಿಳಿಯುವುದು ಬೇರೊಂದು ಕಾರ್ಯ. ಮೊದಲನೆಯದಕ್ಕೆ ನಿರ್ಮಾತೃವಿನ ಲೆಕ್ಕದ ಪುಸ್ತಕವು ದೊರೆತರೆ ಸಾಕು. ಎರಡನೆಯದಕ್ಕೆ ಅಂತಹ ಪುಸ್ತಕವಿಲ್ಲ. ವಸ್ತುಗಳ ಹುಟ್ಟನ್ನು ಬರೆದಿಡುವವರು ಇರುವರೇ ಹೊರತು ಅವುಗಳ ಸಾವನ್ನು ಬರೆದಿಡುವವರು ಬಹು ವಿರಳ. ಓಲೆಯ ಪ್ರತಿಗಳನ್ನು ಅರಸುವ ನಮ್ಮಂಥವರಿಗೆ ಈ ಕಷ್ಟವು ಚಿರಪರಿಚಿತವಾದುದು. ಆದರೆ ನಮಗೆ ಮೊದಲಿನ ಲೆಕ್ಕವೂ ತಿಳಿಯದು. ಒಂದು ಕಾವ್ಯಕ್ಕೆ ಎಷ್ಟು ಪ್ರತಿಗಳಾದುವೆಂಬುದನ್ನು ಯಾವ ಲಿಪಿಕಾರನೂ ಹೇಳಿಲ್ಲ. ಆದಕಾರಣ, ಹುಟ್ಟಿನ ಸಂಖ್ಯೆಯು ನಿಶ್ಚಿತವಾಗಿರುವ ಒಂದು ವಸ್ತುವನ್ನು ತೆಗೆದುಕೊಂಡು, ಅದರ ಶೇಷವನ್ನು ಯಾವ ಪ್ರಮಾಣದಿಂದ ಎಷ್ಟರಮಟ್ಟಿಗೆ ಸಾಧಿಸಬಹುದೆಂಬುದನ್ನು ಪರೀಕ್ಷಿಸುವುದು ವ್ಯರ್ಥವಾಗಲಾರದು. ಅಂತಹ ವಸ್ತುವಾಗಿ ಅಮೆರಿಕಾ ದೇಶದ ಫೋರ್ಡ್ ಕಂಪೆನಿಯ ‘ಟಿ’ ಮಾದರಿಯ ಮೋಟಾರು ಗಾಡಿಯನ್ನು ಇಲ್ಲಿ ಆರಿಸಿಕೊಂಡಿದೆ. ಯಂತ್ರವಿಷಯವು ಈ ಪತ್ರಿಕೆಗೆ ಹೊರತಾದುದೆಂದು ಕೆಲವರಿಗೆ ತೋರಬಹುದು. ಆದರೆ ಇಲ್ಲಿ ವಿಚಾರ್ಯವಾದುದು ಯಂತ್ರವಲ್ಲ, ಪ್ರಮಾಣ.

ಈ ಮಾದರಿಯ ಗಾಡಿಯು ೧೯೦೮ನೆಯ ಇಸವಿಯ ಅಕ್ಟೋಬರಿನಲ್ಲಿ ಮಾರಾಟಕ್ಕೆ ಬಂದಿತು. ಮೊದಲು ಡೆಟ್ರಾಯಿಟ್ ನಗರದ ಪಿಕೆಟ್ ಬೀದಿಯ ಕಾರ್ಖಾನೆಯಲ್ಲಿಯೂ, ೧೯೧೦ರಿಂದ ಹೈಲೆಂಡ್ ಪಾರ್ಕಿನಲ್ಲಿಯೂ ಇದನ್ನು ತಯಾರಿಸಿದರು. ೧೯೧೩ರಲ್ಲಿ ಹೈಲೆಂಡ್ ಪಾರ್ಕಿನಲ್ಲಿ ಹೊಸ ಪದ್ಧತಿಯೊಂದು ಬಳಕೆಗೆ ಬಂದಿತು. ಕೆಲಸಗಾರನು ಗಾಡಿಯ ಬಳಿಗೆ ಹೋಗುವುದಕ್ಕೆ ಪ್ರತಿಯಾಗಿ, ಚಲಿಸುವ ಸಾಲಿನ ಮೇಲೆ ಗಾಡಿಯೇ ಕೆಲಸಗಾರನ ಬಳಿಗೆ ಬರುವಂತೆ ಮಾಡಿದರು. ಇದರಿಂದ ನಿರ್ಮಾಣವು ಹೆಚ್ಚಿ ಬೆಲೆಯು ಇಳಿಯಿತು. ಮೊದಲು ೮೫೦ ಡಾಲರುಗಳಿದ್ದ ಗಾಡಿಯ ಬೆಲೆಯು ೧೯೨೫ರ ಹೊತ್ತಿಗೆ, ಎರಡೇ ಆಸನಗಳ ಅಗ್ಗದ ಬಗೆಯಲ್ಲಿ, ೨೬೦ ಡಾಲರುಗಳಿಗೆ ಬಂದಿತ್ತು. ೧೯೨೭ನೆಯ ಇಸವಿ ಮೇ ೨೬ರಂದು ಒಂದೂವರೆ ಕೋಟಿಯ ಸಂಖ್ಯೆಯ ಗಾಡಿಯನ್ನು ಉತ್ಸವಪೂರ್ವಕವಾಗಿ ಹೊರಡಿಸಿದರು. ಅದೇ ಕಾಲದಲ್ಲಿ ಈ ಮಾದರಿಯ ನಿರ್ಮಾಣವೂ ನಿಂತಿತು. ಇಷ್ಟೂ ನಿರ್ವಿವಾದ. ವಿವಾದವು ತೊಡಗುವುದು ಈಗ ಎಷ್ಟಿವೆಯೆಂದು ಕೇಳಿದಾಗ. ಐವತ್ತು ಸಾವಿರವೆನ್ನುವವರು ಉಂಟು, ಲಕ್ಷಕ್ಕೂ ಮೀರಿದೆಯೆನ್ನುವವರು ಉಂಟು. ತಮ್ಮ ಸಂಖ್ಯೆ ಎಲ್ಲಿಂದ ಬಂದಿತೆಂಬುದನ್ನು ಹೇಳುವವರು ಮಾತ್ರ ಅಪರೂಪ.

ಗಣನೆಗೆ ಮೊದಲು ಲಕ್ಷಣವು ಸಿದ್ಧವಾಗಬೇಕು. ‘ಒಂದು ಗಾಡಿ’ ಎಂದರೆ ಯಾವುದು? ಸಾಮಾನ್ಯವಾಗಿ ಇದಕ್ಕೆ ಗಾಡಿಯ ಸಂಖ್ಯೆಯೇ ಗುರುತೆಂದು ಹೇಳುವರು. ಆದರೆ ‘ಟಿ’ ಮಾದರಿಯಲ್ಲಿ ಆ ಸಂಖ್ಯೆಯನ್ನು ಬಹುಕಾಲ ಎಂಜಿನ್ನಿನ ಮೇಲೆ ಒತ್ತುತ್ತಿದ್ದರೇ ಹೊರತು ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟಿನ ಮೇಲೆ ಒತ್ತುತ್ತಿರಲಿಲ್ಲ. ಚೌಕಟ್ಟಿಗೆ ಸಂಖ್ಯೆ ಬಂದುದು ೧೯೨೫-೨೬ರ ಸುಮಾರಿಗೆ, ಎಂದರೆ ಆಯುಸ್ಸಿನ ಕೊನೆಯಲ್ಲಿ. ಎಂಜಿನ್ನು ಕೆಟ್ಟರೆ ಅದನ್ನು ತೆಗೆದು ಬೇರೊಂದನ್ನು ಕೂರಿಸುವುದು ಆ ಗಾಡಿಯಲ್ಲಿ ಸುಲಭವಾದ ಕೆಲಸ. ಹೀಗಿರುವಲ್ಲಿ ನಾಮವು ಒಂದು ಅಂಗಕ್ಕೆ ಅಂಟಿಕೊಂಡಿದೆ, ಆ ಅಂಗವು ದೇಹದಿಂದ ದೇಹಕ್ಕೆ ಹೋಗಬಲ್ಲುದು. ಇಷ್ಟೇ ಅಲ್ಲ. ಗಾಡಿಯ ನಿರ್ಮಾಣವು ೧೯೨೭ರಲ್ಲಿ ನಿಂತರೂ, ಹಳೆಯ ಗಾಡಿಗಳಿಗೆ ಬದಲಿಯಾಗಿಯೂ ಬೇರೆ ಕೆಲಸಗಳಿಗಾಗಿಯೂ ಎಂಜಿನ್ನುಗಳನ್ನು ೧೯೪೧ರ ಆಗಸ್ಟ್ ೪ರ ವರೆಗೆ ತಯಾರಿಸುತ್ತಲೇ ಇದ್ದರು. ಗಾಡಿಗಳು ಮುಗಿದ ಮೇಲೆ ಹುಟ್ಟಿದ ಈ ಎಂಜಿನ್ನುಗಳೇ ಲಕ್ಷವನ್ನು ಮೀರಿದುವು. ಆದುದರಿಂದ ಎಂಜಿನ್ನುಗಳ ಸಂಖ್ಯೆಯನ್ನು ಓದಿ ಗಾಡಿಗಳನ್ನು ಎಣಿಸುವವನು, ಜನಿಸದಿದ್ದ ಗಾಡಿಗಳನ್ನೂ ಎಣಿಸುವ ಅಪಾಯಕ್ಕೆ ಒಳಗಾಗುವನು.

ಇದರ ಜೊತೆಗೆ ಇನ್ನೊಂದು ತೊಡಕುಂಟು. ಈ ಮಾದರಿಗೆ ಬೇಕಾದ ಬಿಡಿಭಾಗಗಳನ್ನು ಇಂದಿಗೂ ಹೊಸದಾಗಿ ತಯಾರಿಸಿ ಮಾರುವರು. ಮರದ ಮೈಕಟ್ಟು, ತಗಡು, ಮೇಲ್ಹೊದಿಕೆ, ಚಕ್ರದ ಅರಗಳು, ಎಲ್ಲವೂ ದೊರೆಯುತ್ತವೆ. ಹೊಲದ ಬದುವಿನಲ್ಲಿ ಬಿದ್ದಿದ್ದ ಒಂದು ಚೌಕಟ್ಟು, ಬೇರೊಂದು ಊರಿನ ಎಂಜಿನ್ನು, ಹೊಸ ಮೈಕಟ್ಟು, ಇವು ಮೂರೂ ಸೇರಿ ಒಂದು ಗಾಡಿಯಾಗಬಹುದು. ಅದನ್ನು ೧೯೧೫ರ ಗಾಡಿಯು ಉಳಿದುಬಂದಿದೆಯೆಂದು ಎಣಿಸಬೇಕೋ ಬಾರದೋ? ಇದಕ್ಕೆ ವಿಪರೀತವಾಗಿ, ಒಂದೇ ಗಾಡಿಯ ಎಂಜಿನ್ನಿನಿಂದ ಒಬ್ಬನೂ ಚೌಕಟ್ಟಿನಿಂದ ಇನ್ನೊಬ್ಬನೂ ಎರಡು ಗಾಡಿಗಳನ್ನು ಕಟ್ಟಿ, ಇಬ್ಬರೂ ತಮ್ಮದೇ ಮೂಲವೆಂದು ವಾದಿಸಬಹುದು.

ಅವಯವಗಳು ಬದಲಾದರೆ ಅವಯವಿಯು ಅದೇ ಆಗಿರುವುದೋ ಎಂಬ ಪ್ರಶ್ನೆಯು ನಮ್ಮ ಶಾಸ್ತ್ರಗಳಲ್ಲಿ ಬಹುವಾಗಿ ಚರ್ಚಿತವಾಗಿದೆ. ನೈಯಾಯಿಕರ ಮತದಲ್ಲಿ ವಸ್ತ್ರದಿಂದ ಒಂದು ನೂಲು ಹೋದರೂ ಪೂರ್ವಪಟವು ನಷ್ಟವಾಗಿ ಖಂಡಪಟವೆಂಬ ಹೊಸ ದ್ರವ್ಯವು ಉತ್ಪನ್ನವಾಗುತ್ತದೆ. ಈ ಮತವನ್ನು ಅಕ್ಷರಶಃ ಹಿಡಿದರೆ ಚಕ್ರದ ರಬ್ಬರನ್ನು ಬದಲಾಯಿಸಿದ ದಿನವೇ ಆ ಗಾಡಿಯು ನಷ್ಟವಾಯಿತು. ಉಳಿದಿರುವ ಗಾಡಿಗಳ ಸಂಖ್ಯೆ ಸೊನ್ನೆಯೆಂದು ಹೇಳಿ ಲೇಖನವನ್ನು ಇಲ್ಲಿಯೇ ಮುಗಿಸಬಹುದು! ಸೌಗತರಂತೆ ಕ್ಷಣಿಕಗಳ ಸಂತಾನವನ್ನು ಒಪ್ಪಿದರೆ, ದೀಪದ ಜ್ವಾಲೆಯು ಕ್ಷಣಕ್ಷಣಕ್ಕೂ ಬೇರೆಯಾದರೂ ಅದೇ ದೀಪವೆಂಬ ವ್ಯವಹಾರವು ನಡೆಯುವಂತೆ, ಒಂದೊಂದೇ ಭಾಗವು ಕ್ರಮವಾಗಿ ಬದಲಾದ ಗಾಡಿಯು ಅದೇ ಗಾಡಿಯೆನಿಸುವುದು. ಗಣನೆಯ ವ್ಯವಹಾರಕ್ಕೆ ಈ ಎರಡನೆಯ ದಾರಿಯೇ ಅನುಕೂಲವೆಂದು ನನ್ನ ಅಭಿಪ್ರಾಯ. ಎಂದರೆ, ಗಾಡಿಯು ಒಂದು ಸಮುದಾಯವಾಗಿ ಎಂದೂ ವಿಚ್ಛಿನ್ನವಾಗದೆ ಬಂದಿದ್ದು, ಅದರ ಅಂಗಗಳು ಕಾಲಕಾಲಕ್ಕೆ ದುರಸ್ತಾಗಿದ್ದರೆ, ಅದು ಶೇಷವೇ. ಸಂತಾನವು ಕಡಿದುಹೋಗಿ, ನಾನಾ ಮೂಲಗಳ ಅಂಗಗಳನ್ನು ಈಚೆಗೆ ಕೂಡಿಸಿ ಕಟ್ಟಿದ್ದರೆ, ಅದು ಸಂಕೀರ್ಣ. ಬರಿಯ ಚೌಕಟ್ಟೋ ಎಂಜಿನ್ನೋ ಇದ್ದರೆ ಅದು ಅವಶೇಷ. ಹಸ್ತಪ್ರತಿಗಳ ಸೂಚಿಯಲ್ಲಿ ಸಮಗ್ರ, ಖಂಡಿತ, ಮಿಶ್ರಪಾಠ ಎಂದು ವಿಂಗಡಿಸುವೆವಷ್ಟೆ. ಹಾಗೆಯೇ ಇಲ್ಲಿಯೂ ಮೂರು ಅಂಕಣಗಳಿಲ್ಲದ ಸಂಖ್ಯೆಯು ಸಂಖ್ಯೆಯೇ ಅಲ್ಲ. ಐವತ್ತು ಸಾವಿರವೆನ್ನುವವರಿಗೂ ಲಕ್ಷವೆನ್ನುವವರಿಗೂ ಇರುವ ಅಂತರದಲ್ಲಿ ಒಂದು ದೊಡ್ಡ ಪಾಲು ಈ ಅಂಕಣಗಳ ಗೊಂದಲದಿಂದಲೇ ಬಂದಿರಬೇಕು.

ಸಣ್ಣ ಸಂಖ್ಯೆಯಲ್ಲಿಯೂ ಈ ತೊಡಕು ತಪ್ಪದೆಂಬುದಕ್ಕೆ ಟಕರ್ ಗಾಡಿಯು ನಿದರ್ಶನ. ಪ್ರೆಸ್ಟನ್ ಟಕರ್ ಎಂಬಾತನು ೧೯೪೭-೪೮ರಲ್ಲಿ ಶಿಕಾಗೋ ನಗರದಲ್ಲಿ ತಯಾರಿಸಿದುದು ಮೊದಲ ಮಾದರಿಯೂ ಸೇರಿ ಐವತ್ತೊಂದೇ ಗಾಡಿಗಳು. ನಲವತ್ತೇಳು ಉಳಿದಿರುವುದೆಂದು ಸಾಮಾನ್ಯವಾಗಿ ಹೇಳುವರು. ಒಂದೊಂದರ ಚರಿತ್ರೆಯೂ ಜನರಿಗೆ ತಿಳಿದಿರುವುದು. ಆದರೂ, ಕಾರ್ಖಾನೆಯು ಮುಚ್ಚಿದ ಮೇಲೆ ಉಳಿದಿದ್ದ ಭಾಗಗಳಿಂದ ಇತರರು ಜೋಡಿಸಿದವುಗಳನ್ನು ಸೇರಿಸಬೇಕೋ ಬೇಡವೋ ಎಂಬಲ್ಲಿ ಎಣಿಕೆಯು ಕದಲುತ್ತದೆ. ಐವತ್ತೊಂದರಲ್ಲಿಯೇ ಹೀಗಾದರೆ ಒಂದೂವರೆ ಕೋಟಿಯಲ್ಲಿ ಹೇಳತಕ್ಕದ್ದೇನು!

ಇನ್ನು ಪ್ರಮಾಣಗಳನ್ನು ನೋಡೋಣ. ಪ್ರತ್ಯಕ್ಷವಾಗಿ ಎಲ್ಲ ಗಾಡಿಗಳನ್ನೂ ನೋಡಿ ಎಣಿಸುವುದು ಆಗದ ಮಾತು. ಶಬ್ದಪ್ರಮಾಣಕ್ಕೆ ಸಮನಾದುದು ಸರ್ಕಾರದ ದಾಖಲೆ. ಬೀದಿಯಲ್ಲಿ ಓಡುವ ಗಾಡಿಗೆ ವರ್ಷವರ್ಷವೂ ತೆರಿಗೆಯನ್ನು ಕೊಟ್ಟು ಹೆಸರನ್ನು ಬರೆಯಿಸಬೇಕಾದುದರಿಂದ, ಆ ಪಟ್ಟಿಗಳಿಂದ ಬಳಕೆಯಲ್ಲಿರುವ ಗಾಡಿಗಳ ಸಂಖ್ಯೆ ತಿಳಿಯುತ್ತದೆ. ೧೯೨೭ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಹೀಗೆ ದಾಖಲಾಗಿದ್ದ ‘ಟಿ’ ಗಾಡಿಗಳು ಸುಮಾರು ಒಂದು ಕೋಟಿ ಹದಿಮೂರು ಲಕ್ಷ. ೧೯೪೯ರಲ್ಲಿ ಎರಡು ಲಕ್ಷಕ್ಕೆ ತುಸು ಮೇಲೆ ಉಳಿದಿದ್ದುವು. ಇಪ್ಪತ್ತೆರಡು ವರ್ಷಗಳಲ್ಲಿ ಐವತ್ತಾರು ಪಾಲಿನಲ್ಲಿ ಒಂದು ಪಾಲಾಯಿತು.

ಈ ಎರಡು ಸಂಖ್ಯೆಗಳಿಂದ ಒಂದು ಲೆಕ್ಕವನ್ನು ಮಾಡಬಹುದು. ಕ್ಷಯವು ಪ್ರತಿವರ್ಷವೂ ಒಂದೇ ಪ್ರಮಾಣದಲ್ಲಿ ನಡೆದಿದ್ದರೆ, ವರ್ಷಕ್ಕೆ ನೂರಕ್ಕೆ ಸುಮಾರು ಹದಿನೇಳು ಗಾಡಿಗಳು ದಾಖಲೆಯಿಂದ ಮರೆಯಾದಂತಾಯಿತು. ನಾಲ್ಕು ವರ್ಷಗಳು ತುಂಬುವುದರೊಳಗೆ ಅರ್ಧ. ಅದೇ ಕ್ಷಯವು ೧೯೪೯ರಿಂದ ಮುಂದಕ್ಕೂ ನಡೆದಿದ್ದರೆ, ಎರಡು ಲಕ್ಷವು ಇನ್ನು ಅರುವತ್ತಾರು ಅರುವತ್ತೇಳು ವರ್ಷಗಳಲ್ಲಿ, ಎಂದರೆ ೨೦೧೫ರ ಸುಮಾರಿಗೆ, ಒಂದೇ ಒಂದು ಗಾಡಿಯಾಗಿರಬೇಕು! ಆದರೆ ಇಂದು ಆ ದೇಶದಲ್ಲಿ ‘ಟಿ’ ಗಾಡಿಗಳ ಮೆರವಣಿಗೆಗಳು ನಡೆಯುತ್ತಿವೆ. ಅವುಗಳಿಗೇ ಮೀಸಲಾದ ಸಂಘಗಳಿವೆ, ಪತ್ರಿಕೆಗಳಿವೆ, ಬಿಡಿಭಾಗಗಳ ಅಂಗಡಿಗಳಿವೆ. ಒಂದು ಗಾಡಿಗಾಗಿ ಯಾರೂ ಅಂಗಡಿಯನ್ನು ತೆರೆಯುವುದಿಲ್ಲ. ಆದುದರಿಂದ ಏಕರೂಪವಾದ ಕ್ಷಯವೆಂಬ ಪಕ್ಷವು ಬಾಧಿತವಾಯಿತು. ಎಲ್ಲಿಯೋ ಒಂದು ಕಡೆ ಕ್ಷಯದ ನಿಯಮವೇ ಬದಲಾಗಿರಬೇಕು.

ಎಲ್ಲಿ ಬದಲಾಯಿತೆಂಬುದು ಈ ವಿಚಾರದ ಸಾರಭೂತವಾದ ಅಂಶ. ವಸ್ತುವಿಗೆ ಮೂರು ಅವಸ್ಥೆಗಳುಂಟು. ಮೊದಲನೆಯದು ಉಪಯೋಗದ ಅವಸ್ಥೆ. ಆಗ ಅದು ಸವೆಯುತ್ತದೆ, ಆದರೆ ಒಡೆಯನು ಅದನ್ನು ದುರಸ್ತು ಮಾಡುವನು. ಎರಡನೆಯದು ಉಪೇಕ್ಷೆಯ ಅವಸ್ಥೆ. ಹೊಸದು ಬಂದಿದೆ, ಹಳೆಯದಕ್ಕೆ ಬೆಲೆಯಿಲ್ಲ. ಅದು ಕಸವಾಗಿದೆ, ಇನ್ನೂ ಪ್ರಾಚೀನವಾಗಿಲ್ಲ. ಮೂರನೆಯದು ಗೌರವದ ಅವಸ್ಥೆ. ಆಗ ಅದನ್ನು ಕಳೆಯುವವರಿಲ್ಲ, ಹುಡುಕುವವರೇ ಹೆಚ್ಚು. ನಾಶವೆಲ್ಲ ಬಹುಮಟ್ಟಿಗೆ ನಡುವಣ ಅವಸ್ಥೆಯಲ್ಲಿ ನಡೆಯುತ್ತದೆ. ‘ಟಿ’ ಗಾಡಿಗೆ ಆ ಕಾಲವು ೧೯೨೭ರಿಂದ ಎರಡನೆಯ ಮಹಾಯುದ್ಧದ ಕೊನೆಯವರೆಗೆ. ಫೋರ್ಡ್ ಕಂಪೆನಿಯೇ ೧೯೩೦ರಲ್ಲಿ ತನ್ನ ರೂಜ್ ಕಾರ್ಖಾನೆಯಲ್ಲಿ ಹಳೆಯ ಗಾಡಿಗಳನ್ನು ಕೊಂಡು ಸಾಲುಹಿಡಿದು ಕಳಚಿ ಕುಲುಮೆಗೆ ಹಾಕುವ ಏರ್ಪಾಡನ್ನು ಮಾಡಿತು. ಜೋಡಿಸುವ ಸಾಲನ್ನು ಪ್ರಸಿದ್ಧಿಗೆ ತಂದವರೇ ಕಳಚುವ ಸಾಲನ್ನೂ ಏರ್ಪಡಿಸಿದರೆಂಬುದು ಗಮನಾರ್ಹ. ಯುದ್ಧಕಾಲದಲ್ಲಿ, ವಿಶೇಷವಾಗಿ ೧೯೪೨ರಲ್ಲಿ, ಊರೂರಿನಲ್ಲಿಯೂ ಹಳೆಯ ಕಬ್ಬಿಣವನ್ನು ಸಂಗ್ರಹಿಸಿದರು. ಕೊಟ್ಟಿಗೆಗಳ ಮೂಲೆಯಲ್ಲಿದ್ದ ಎಷ್ಟೋ ಗಾಡಿಗಳು ಆಗ ಹೋದುವು. ಬೇರೆ ಕೆಲವು ಗಾಡಿಗಳು ರೂಪಾಂತರವನ್ನು ಹೊಂದಿದುವು. ರೈತರು ಅವನ್ನು ಉಳುವ ಯಂತ್ರವಾಗಿ ಮಾರ್ಪಡಿಸಿಕೊಂಡರು. ಹಿಂದಿನ ಚಕ್ರವನ್ನು ನೆಲದಿಂದೆತ್ತಿ ಪಟ್ಟಿಯನ್ನು ಕಟ್ಟಿ ಮರವನ್ನು ಕೊಯ್ದರು. ಯುದ್ಧವು ಮುಗಿದಮೇಲೆ ತರುಣರು ಮೈಕಟ್ಟನ್ನು ಇಟ್ಟುಕೊಂಡು ಎಂಜಿನ್ನನ್ನು ಎಸೆದು ವೇಗದ ಗಾಡಿಗಳನ್ನು ಮಾಡಿಕೊಂಡರು. ಇವೆಲ್ಲವೂ ಒಂದೊಂದು ರೀತಿಯಲ್ಲಿ ಉಳಿದುವು, ಒಂದೊಂದು ರೀತಿಯಲ್ಲಿ ಅಳಿದುವು.

ದಾಖಲೆಯಲ್ಲಿಲ್ಲದ ಮಾತ್ರಕ್ಕೆ ಗಾಡಿಯಿಲ್ಲವೆಂದು ಹೇಳಬಹುದೇ? ಇಲ್ಲಿ ಭಾಟ್ಟಮೀಮಾಂಸಕರ ಅನುಪಲಬ್ಧಿವಿಚಾರವು ಉಪಯುಕ್ತವಾಗಿದೆ. ಬೆಳಕಿರುವ ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆಂದು ನಿಶ್ಚಯಿಸಬಹುದು, ಏಕೆಂದರೆ ಇದ್ದಿದ್ದರೆ ಕಾಣುತ್ತಿತ್ತು. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಅನುಪಲಬ್ಧಿಯು ಯೋಗ್ಯಾನುಪಲಬ್ಧಿಯಾದರೆ ಮಾತ್ರ ಅಭಾವವನ್ನು ಸಾಧಿಸುವುದು. ತೆರಿಗೆಯ ಪಟ್ಟಿಯ ಬೆಳಕು ಬೀದಿಯ ಮೇಲೆ ಬೀಳುವುದೇ ಹೊರತು ಕೊಟ್ಟಿಗೆಯೊಳಗೆ ಬೀಳುವುದಿಲ್ಲ. ೧೯೪೯ರ ಎರಡು ಲಕ್ಷವೆಂಬುದು ಬೀದಿಯಲ್ಲಿದ್ದ ಗಾಡಿಗಳ ಲೆಕ್ಕ. ಹುಲ್ಲಿನ ಮೆದೆಯ ಹಿಂದೆ ಚಕ್ರ ಹೂತುಹೋಗಿದ್ದ ಗಾಡಿಗಳು ಅದರಲ್ಲಿ ಸೇರಿರಲಿಲ್ಲ. ಗೌರವದ ಕಾಲವು ಬಂದ ಮೇಲೆ ಇವೇ ಹೊರಗೆ ಬಂದುವು. ಆದುದರಿಂದಲೇ ಪ್ರಾಚೀನ ವಸ್ತುಗಳಲ್ಲಿ ಒಂದು ವಿಚಿತ್ರವು ಕಾಣುತ್ತದೆ : ನಿಜವಾದ ಶೇಷವು ಕುಗ್ಗುತ್ತಲೇ ಇರುವಾಗ, ತಿಳಿದ ಶೇಷವು ವರ್ಷವರ್ಷಕ್ಕೆ ಹಿಗ್ಗುತ್ತಿರುವುದು.

ಹಾಗಾದರೆ ಕಾಣದಿರುವುದನ್ನು ಅನುಮಿಸುವ ಬಗೆ ಯಾವುದು? ಸಂಖ್ಯಾಶಾಸ್ತ್ರಜ್ಞರು ಕೆರೆಯ ಮೀನುಗಳನ್ನು ಎಣಿಸಲು ಉಪಯೋಗಿಸುವ ಒಂದು ಉಪಾಯವು ಇಲ್ಲಿಯೂ ಸಲ್ಲುವುದು. ಬೇರೆಬೇರೆ ಜನರು, ಒಬ್ಬರನ್ನೊಬ್ಬರು ಕೇಳದೆ, ಎರಡು ಪಟ್ಟಿಗಳನ್ನು ಮಾಡಿರುವರೆಂದು ಇಟ್ಟುಕೊಳ್ಳೋಣ. ದೃಷ್ಟಾಂತಕ್ಕಾಗಿ ಮೊದಲನೆಯದರಲ್ಲಿ ೪೦೦ ಗಾಡಿಗಳೂ ಎರಡನೆಯದರಲ್ಲಿ ೩೦೦ ಗಾಡಿಗಳೂ ಇದ್ದು, ೬೦ ಗಾಡಿಗಳು ಎರಡರಲ್ಲಿಯೂ ಇರಲಿ. ಎರಡನೆಯ ಪಟ್ಟಿಯಲ್ಲಿ ಐದರಲ್ಲೊಂದು ಪಾಲು ಮೊದಲ ಪಟ್ಟಿಗೆ ಸಿಕ್ಕಿದೆ. ಆದುದರಿಂದ ಮೊದಲ ಪಟ್ಟಿಗೆ ಸಿಕ್ಕಿರುವುದು ಒಟ್ಟು ಗಾಡಿಗಳಲ್ಲಿ ಐದರಲ್ಲೊಂದೇ ಪಾಲೆಂದು ಊಹಿಸಬಹುದು, ಒಟ್ಟು ೨೦೦೦. ಎರಡು ಪಟ್ಟಿಗಳನ್ನೂ ಕೂಡಿಸಿದರೆ ಕಾಣುವುದು ೬೪೦, ಕಾಣದಿರುವುದು ೧೩೬೦. ಪಟ್ಟಿಗಳಲ್ಲಿ ಪುನರುಕ್ತಿಯು ಕಡಮೆಯಾದಷ್ಟೂ ಕತ್ತಲೆಯು ದೊಡ್ಡದು.

ಯುಕ್ತಿಯು ರಮ್ಯವಾಗಿದೆ, ಆದರೆ ಹೇತುವಿನಲ್ಲಿ ಉಪಾಧಿಯಿದೆಯೇ ಎಂದು ನೋಡಬೇಕು. ಬೆಂಕಿಯಿರುವಲ್ಲೆಲ್ಲ ಹೊಗೆಯೆಂದು ಹೇಳುವವನಿಗೆ ಹಸಿಯ ಸೌದೆಯೆಂಬ ಉಪಾಧಿಯನ್ನು ತೋರಿಸುವೆವಷ್ಟೆ. ಇಲ್ಲಿ ಉಪಾಧಿಯೆಂದರೆ ಒಡೆಯನ ಸ್ವಭಾವ. ಒಂದು ಸಂಘಕ್ಕೆ ಸೇರುವ ಉತ್ಸಾಹಿಯು ಇನ್ನೊಂದಕ್ಕೂ ಸೇರುವನು. ಆಗ ಪುನರುಕ್ತಿಯು ಸಹಜಕ್ಕಿಂತ ಹೆಚ್ಚಿ, ಒಟ್ಟು ಸಂಖ್ಯೆಯು ನಿಜಕ್ಕಿಂತ ಕಡಮೆಯಾಗಿ ತೋರುವುದು. ತಾತನ ಗಾಡಿಯನ್ನು ಕೊಟ್ಟಿಗೆಯಲ್ಲಿಟ್ಟುಕೊಂಡು ಯಾರಿಗೂ ಹೇಳದಿರುವವನು ಯಾವ ಪಟ್ಟಿಗೂ ಸಿಕ್ಕುವುದಿಲ್ಲ. ಅವನ ಗಾಡಿಯನ್ನು ಈ ಲೆಕ್ಕವು ಎಂದಿಗೂ ಮುಟ್ಟಲಾರದು. ಆದಕಾರಣ ಈ ರೀತಿಯಿಂದ ಬರುವ ಸಂಖ್ಯೆಯನ್ನು ‘ಇಷ್ಟು’ ಎಂದು ಓದದೆ ‘ಇಷ್ಟಕ್ಕೆ ಕಡಮೆಯಿರಲಾರದು’ ಎಂದು ಓದುವುದೇ ಯುಕ್ತ. ಅದೂ ಸಹ ಎರಡು ಪಟ್ಟಿಗಳಲ್ಲಿಯೂ ಒಂದೇ ಗಾಡಿಯನ್ನು ಒಂದೇ ಎಂದು ಗುರುತಿಸಿದ್ದರೆ ಮಾತ್ರ. ಎಂಜಿನ್ನು ಬದಲಾದ ಗಾಡಿಯು ಎರಡು ಪಟ್ಟಿಗಳಲ್ಲಿ ಎರಡು ಹೆಸರಿನಿಂದಿದ್ದರೆ ಪುನರುಕ್ತಿಯು ಮರೆಯಾಗಿ, ದೋಷವು ಎದುರು ದಿಕ್ಕಿಗೆ ತಿರುಗಿ, ಸಂಖ್ಯೆಯು ಊದಿಕೊಳ್ಳುವುದು.

ಇದೇ ಜಾತಿಯ ಯುಕ್ತಿಯನ್ನು ಗ್ರಂಥಗಳಿಗೂ ಹಚ್ಚಿರುವರು. ಮೈಕ್ ಕೆಸ್ಟಮಾಂಟ್, ಫೋಲ್ಗರ್ಟ್ ಕಾರ್ಸ್‌ಡಾರ್ಪ್ ಮೊದಲಾದ ವಿದ್ವಾಂಸರು ಯೂರೋಪಿನ ಆರು ದೇಶಭಾಷೆಗಳ ಮಧ್ಯಯುಗದ ವೀರಕಥೆಗಳನ್ನು ಕುರಿತು ೨೦೨೨ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಒಂದೇ ಪ್ರತಿಯಲ್ಲಿ ಉಳಿದ ಕೃತಿಗಳೆಷ್ಟು, ಎರಡು ಪ್ರತಿಗಳಲ್ಲಿ ಉಳಿದುವೆಷ್ಟು ಎಂಬುದನ್ನು ಹಿಡಿದು, ಒಂದು ಪ್ರತಿಯೂ ಉಳಿಯದ ಕೃತಿಗಳ ಸಂಖ್ಯೆಯನ್ನು ಅನುಮಿಸಿರುವರು. ಒಂದೇ ಪ್ರತಿಯವು ಬಹಳವಿದ್ದರೆ ಸೊನ್ನೆಯ ಪ್ರತಿಯವೂ ಬಹಳವಿದ್ದಿರಬೇಕೆಂಬುದು ಅವರ ತರ್ಕ. ಅವರ ಲೆಕ್ಕದಲ್ಲಿ ಕೃತಿಗಳಲ್ಲಿ ಮೂರರಲ್ಲಿ ಎರಡು ಪಾಲು ಉಳಿದಿದೆ. ಪ್ರತಿಗಳಲ್ಲಿಯಾದರೋ ಹತ್ತರಲ್ಲಿ ಒಂದು ಪಾಲೂ ಉಳಿದಿಲ್ಲ. ಐಸ್‌ಲೆಂಡ್ ಮತ್ತು ಐರ್ಲೆಂಡ್ ದ್ವೀಪಗಳ ಸಾಹಿತ್ಯವು ಹೆಚ್ಚಾಗಿ ಉಳಿದಿರುವುದೆಂದೂ ಇಂಗ್ಲಿಷ್ ಭಾಷೆಯದು ಎಲ್ಲಕ್ಕಿಂತ ಹೆಚ್ಚಾಗಿ ನಷ್ಟವಾಗಿರುವುದೆಂದೂ ಅವರು ಹೇಳುವರು.

ಕನ್ನಡಕ್ಕೆ ಇಂತಹ ಲೆಕ್ಕವನ್ನು ಮಾಡಲು ಹೊರಡುವವರಿಗೆ ಮೋಟಾರು ಗಾಡಿಯು ಕಲಿಸುವ ಎಚ್ಚರವು ಪ್ರಯೋಜನಕಾರಿ. ಕವಿರಾಜಮಾರ್ಗದಲ್ಲಿ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯಕಾರರ ಹೆಸರುಗಳು ಬಂದಿವೆ. ಅವರ ಕನ್ನಡ ಗದ್ಯವು ನಮಗೆ ದೊರೆತಿಲ್ಲ. ಆ ಗದ್ಯವು ನಷ್ಟವಾಯಿತೆಂದು ಬರೆಯುವುದು ವಾಡಿಕೆಯಾಗಿದೆ. ಈ ಅನುಪಲಬ್ಧಿಯು ಯೋಗ್ಯವಾದುದೇ, ಎಂದರೆ ಇದ್ದಿದ್ದರೆ ಕಾಣುವಷ್ಟು ನಾವು ಹುಡುಕಿರುವೆವೇ? ಕೌಟಿಲ್ಯನ ಅರ್ಥಶಾಸ್ತ್ರವೂ ಉದ್ಧರಣೆಗಳಿಂದ ಮಾತ್ರ ತಿಳಿದಿದ್ದ ಗ್ರಂಥವಾಗಿದ್ದಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂದುಕೊಟ್ಟ ಓಲೆಯ ಪ್ರತಿಯಿಂದ ಶಾಮಶಾಸ್ತ್ರಿಗಳು ಅದನ್ನು ೧೯೦೯ರಲ್ಲಿ ಪ್ರಕಟಿಸುವ ವರೆಗೆ, ಅದು ಕೊಟ್ಟಿಗೆಯಲ್ಲಿದ್ದ ಗಾಡಿ. ಇನ್ನು ನಡುವಣ ಅವಸ್ಥೆಯ ಮಾತು. ಓಲೆಯು ಓದುವ ಪುಸ್ತಕವಾಗಿದ್ದಷ್ಟು ಕಾಲ ಜೀರ್ಣವಾದುದನ್ನು ಪ್ರತಿಮಾಡುತ್ತಿದ್ದರು. ಅಚ್ಚಿನ ಪುಸ್ತಕವು ಬಂದು ಓಲೆಗೆ ಉಪಯೋಗವು ತಪ್ಪಿದ ಮೇಲೆ, ಪ್ರಾಚ್ಯವಸ್ತುವೆಂಬ ಗೌರವವು ಬರುವುದಕ್ಕೆ ಮೊದಲು, ಎಷ್ಟು ಕಟ್ಟುಗಳು ಅಟ್ಟದಲ್ಲಿ ಗೆದ್ದಲಿಗೆ ಸಂದುವೋ! ಸಹಸ್ರ ವರ್ಷಗಳ ನಷ್ಟವನ್ನು ಒಂದೇ ದರದಲ್ಲಿ ಹಂಚುವ ಲೆಕ್ಕವು, ‘ಟಿ’ ಗಾಡಿಗಳನ್ನು ೨೦೧೫ಕ್ಕೆ ಒಂದಾಗಿಸಿದ ಲೆಕ್ಕದಂತೆಯೇ ಆಗುವುದು.

ಮತ್ತೆ ಗಾಡಿಗಳಿಗೆ ಬರೋಣ. ಅಮೆರಿಕಾದ ಒಂದೂವರೆ ಕೋಟಿಯ ಲೆಕ್ಕಕ್ಕೆ ಸೇರದ ‘ಟಿ’ ಗಾಡಿಗಳೂ ಉಂಟು. ಕೆನಡಾ ದೇಶದ ಫೋರ್ಡ್ ಕಂಪೆನಿಯು ೧೯೧೩ರಿಂದ ತನ್ನ ಎಂಜಿನ್ನುಗಳಿಗೆ ‘ಸಿ’ ಎಂಬ ಅಕ್ಷರವನ್ನು ಮುಂದಿಟ್ಟು ಬೇರೆಯೇ ಸಂಖ್ಯಾಕ್ರಮವನ್ನು ನಡೆಸಿತು. ಇಂಗ್ಲೆಂಡನ್ನು ಬಿಟ್ಟು ಬ್ರಿಟಿಷ್ ಸಾಮ್ರಾಜ್ಯದ ಇತರ ದೇಶಗಳ ವ್ಯಾಪಾರವು ಅದರದಾಗಿದ್ದಿತು. ೧೯೨೬ರಲ್ಲಿ ಭಾರತದಲ್ಲಿ ಸ್ಥಾಪಿತವಾದ ಫೋರ್ಡ್ ಕಂಪೆನಿಯೂ ಅದರ ಶಾಖೆಯೇ. ಆದುದರಿಂದ ನಮ್ಮ ದೇಶಕ್ಕೆ ಬಂದ ‘ಟಿ’ ಗಾಡಿಗಳು ಬಹುಮಟ್ಟಿಗೆ ಈ ಕ್ರಮದವು. ಇಲ್ಲಿ ಅರಮನೆಗಳ ಲಾಯಗಳಲ್ಲಿಯೂ ಸಂಗ್ರಾಹಕರ ಮನೆಗಳಲ್ಲಿಯೂ ಇರುವವನ್ನು ಎಣಿಸುವವರು ಅಮೆರಿಕಾದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಸಂಖ್ಯೆಗಳನ್ನು ಹೋಲಿಸಿದರೆ ವೃಥಾ ಶ್ರಮವಾದೀತು. ಅಂತಹ ಪಟ್ಟಿಯನ್ನು ಹೊಸದಾಗಿ ಮಾಡುವುದಾದರೆ ಎಂಜಿನ್ನಿನ ಸಂಖ್ಯೆ, ಮುಂದಿನ ಅಕ್ಷರ, ಚೌಕಟ್ಟಿನ ಸಂಖ್ಯೆಯಿದ್ದರೆ ಅದು, ಮೈಕಟ್ಟು ಹಳೆಯದೋ ಹೊಸದೋ, ಗಾಡಿಯು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ಕಾಗದಪತ್ರಗಳು, ಇವುಗಳನ್ನು ಬೇರೆಬೇರೆ ಅಂಕಣಗಳಲ್ಲಿ ಬರೆಯಬೇಕು. ಕೊನೆಯ ಅಂಕಣದಲ್ಲಿ ನೋಡಿದವರ ಹೆಸರು ಮತ್ತು ನೋಡಿದ ತಾರೀಖು.